ಆ ಸೀರಿಯಲ್ ಬಗ್ಗೆ ಬರೆಯುವವ್ರಿಗೆ

ನಮಸ್ಕಾರ, ಲಿವರ್‌ಪೂಲ್ ಹುಡುಗ ರೀಸ್ ಜೋನ್ಸ್‌ನ ಕೊಲೆ ಬಗ್ಗೆ ಬ್ರಿಟನ್ನಿನ ಐಟಿವಿ ಚಾನೆಲ್‌ನವ್ರು 2017ರಲ್ಲಿ ಮಾಡಿದ 'ಲಿಟಲ್ ಬಾಯ್ ಬ್ಲೂ' ಅನ್ನೋ 4 ಕಂತಿನ ಸೀರಿಯಲ್ ನೋಡಿ ಕುಂಬಳೆ, ಮಂಜೇಶ್ವರ ಕಡೆಯವ್ರೆಲ್ಲ ಅತ್ತುಬಿಟ್ಟೆ ಅಂತ ಈ ಗ್ರೂಪಲ್ಲಿ ಬರೀತಿದ್ದೀರಿ, ಸಹಜವೇ, 11 ವರ್ಷದ ಮಗು ಫುಟ್ಬಾಲ್ ಪ್ರಾಕ್ಟೀಸ್ ಮುಗಿಸಿ ಮನೆಗೆ ನಡ್ಕೊಂಡು ಬರುವಾಗ ಗುಂಡು ತಗುಲಿದ್ದು, ನೆನೆದ್ರೆ ಹೊಟ್ಟೆ ಉರೀತದೆ. ಅಪ್ಪ ಅಮ್ಮನೇ ಸಹಕಾರ ಕೊಟ್ಟ ಸೀರಿಯಲ್ ಅದು, "ದುಡ್ಡಿಗೋಸ್ಕರ ಮಾಡಿದ್ದು" ಅಂತ ಕೆಲವ್ರು ಅನ್ನೋದು ನನಗಂತೂ ಸರಿ ಕಾಣ್ಲಿಲ್ಲ.

ಆದ್ರೆ ಅದೇ ಆವೇಶದಲ್ಲಿ ನಮ್ಮ ಕಡೆಯ ಹಳೇ ಕೇಸಿನ ಮಗುವಿನ ಫೋಟೋ, ಶಾಲೆ ಹೆಸರು ಹಾಕಿದ್ದುಂಟಲ್ಲ, ದಯವಿಟ್ಟು ಈಗ್ಲೇ ಡಿಲೀಟ್ ಮಾಡಿ, ಆ ಮನೆಯವ್ರ ನೆಂಟ್ರು ಇದೇ ಗ್ರೂಪಲ್ಲಿದ್ದಾರೆ ಮಾರಾಯ್ರೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಕೇಸಿನ ಮಗುವಿನ ಗುರುತು ಬಯಲು ಮಾಡಿದ್ರೆ 6 ತಿಂಗಳವರೆಗೆ ಜೈಲೂ ಉಂಟು. ಯಾವ ಮಗುವಿಗಾದ್ರೂ ತೊಂದ್ರೆ ಅಂತ ಅನ್ಸಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲಿ ಹಾಕ್ಬೇಡಿ.