ಭಾನುವಾರ ಚಹಾ ರುಚಿ ನೋಡಲು ಬರುವವರಿಗೆ

ಎಲ್ಲರೂ ಗಾಜಿನ ಅಥವಾ ಪಿಂಗಾಣಿ ಲೋಟ ತನ್ನಿ. ಪೇಪರ್ ಕಪ್ ದಯವಿಟ್ಟು ಬೇಡ, ಅದರ ವಾಸನೆ ಮಲ್ಲಿಗೆ ಚಹಾದ ಘಮ ಕೆಡಿಸುತ್ತದೆ. ಹಾಲು, ಸಕ್ಕರೆ ಹಾಕುವುದಿಲ್ಲ. ಹೋಲಿಸಿ ನೋಡಬೇಕಲ್ಲ, ಹಾಗಾಗಿ ಎಲ್ಲದಕ್ಕೂ ಒಂದೇ ಅಳತೆ: 100 ಮಿಲಿ ನೀರಿಗೆ 2 ಗ್ರಾಂ.

ಮಲ್ಲಿಗೆಯದು ಗ್ರೀನ್ ಟೀ. ಕುದಿಯುವ ನೀರು ಸುರಿದರೆ ಕಹಿ ಬಿಡುತ್ತದೆ. 80 ಡಿಗ್ರಿಗೆ ಇಳಿಯಲಿ, ಎರಡು ನಿಮಿಷ ಸಾಕು. ಅರ್ಲ್ ಗ್ರೇ ಎಂಬ ಬ್ಲ್ಯಾಕ್ ಟೀಗೆ ಕುದಿನೀರೇ ಆಗಬೇಕು, ಮೇಲೆ ಮುಚ್ಚಳವಿರಲಿ, ಇಲ್ಲದಿದ್ದರೆ ಅದಕ್ಕೆ ಹಾಕಿರುವ ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು) ಎಣ್ಣೆಯ ಪರಿಮಳವೆಲ್ಲ ಆವಿಯ ಜೊತೆ ಹೋಗುತ್ತದೆ. ನನಗೆ ಇದೇ ಅಚ್ಚುಮೆಚ್ಚು.

ತುಳಸಿ, ಮಜ್ಜಿಗೆಹುಲ್ಲು, ಸೇವಂತಿಗೆಯಂಥ ಹೂವಾದ ಕ್ಯಾಮೊಮೈಲ್‌ನಲ್ಲಿ ಚಹಾ ಎಲೆಯೇ ಇಲ್ಲ, ಕೆಫೀನೂ ಇಲ್ಲ. ನಿದ್ದೆ ಕೆಡುತ್ತದೆ ಎನ್ನುವವರು ಧಾರಾಳವಾಗಿ ಕುಡಿಯಬಹುದು. ದಾಸವಾಳದ ಚಹಾ, ಅಂದರೆ ನಮ್ಮ ಕೆಂಪು ಪುಂಡಿಯದು, ಕಟ್ಟಕಡೆಗೆ. ಆ ಹುಳಿ ನಾಲಿಗೆ ಹಿಡಿದರೆ ಉಳಿದವುಗಳ ರುಚಿ ತಿಳಿಯುವುದಿಲ್ಲ.