ಎಲ್ಲ ಕಡೆ ನಿಲ್ಲುವ ಬುಲೆಟ್ ಟ್ರೇನು

ಪ್ರೀತಿಯ ಗೆಳೆಯಾ,

ಬುಲೆಟ್ ಟ್ರೇನಿನ ದೇಶ ಜಪಾನಿನಲ್ಲಿ ಇದ್ದುಕೊಂಡು ಎಲ್ಲ ಕಡೆ ನಿಲ್ಲುವ ಗಾಡಿ ಯಾಕೋ ಹತ್ತುತ್ತೀಯ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಪತ್ರ.

ನಾನು ಹತ್ತುವುದು ಕೊಡಾಮ ಅನ್ನುವ ಬುಲೆಟ್ ಟ್ರೇನು. ಟೋಕಿಯೋದಿಂದ ಶಿನ್-ಒಸಾಕಾವರೆಗೆ 17 ನಿಲ್ದಾಣ, ಎಲ್ಲದರಲ್ಲೂ ನಿಲ್ಲುತ್ತದೆ. ಇದೇ ಮಾರ್ಗದ ಅತಿ ವೇಗದ ಗಾಡಿ ನೊಜೊಮಿ ಆರರಲ್ಲಿ ಮಾತ್ರ ನಿಂತು ಸುಮಾರು ಎರಡೂವರೆ ಗಂಟೆಗೆ ಮುಟ್ಟಿಸುತ್ತದೆ. ಕೊಡಾಮಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಹಾಗಂತ ಇದೇನು ಡಕೋಟ ಗಾಡಿ ಅಲ್ಲ. ಅದೇ ಹಳಿ, ಅದೇ 16 ಬೋಗಿ. 1964ರಲ್ಲಿ ಈ ಮಾರ್ಗ ಶುರುವಾದಾಗ ಎಲ್ಲಕ್ಕಿಂತ ಜೋರಾಗಿ ಓಡುತ್ತಿದ್ದ ಹಿಕಾರಿಗೂ ನಾಲ್ಕು ಗಂಟೆ ಹಿಡಿಯುತ್ತಿತ್ತು!

ಕೊಡಾಮ ತಡವಾಗುವುದು ಜಾಸ್ತಿ ಕಡೆ ನಿಲ್ಲುವುದರಿಂದ ಮಾತ್ರ ಅಲ್ಲ, ದಾರಿ ಬಿಡುವುದರಿಂದ. ಬೀರೂರಿನಲ್ಲಿ ನಮ್ಮ ಗಾಡಿ ಕ್ರಾಸಿಂಗ್‌ಗೆ ಅಂತ ನಿಲ್ಲುತ್ತಿತ್ತಲ್ವಾ, ಹಾಗೇ. ಮೊನ್ನೆ ಶಿನ್-ಫುಜಿ ನಿಲ್ದಾಣದಲ್ಲಿ ಪಕ್ಕದ ಲೈನಿಗೆ ಸರಿದು ನಿಂತೆವು. ಬೋಗಿ ಪೂರ್ತಿ ಮೌನ. ಎದುರಿನ ಅಜ್ಜಿ ಟೀ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಇದ್ದಕ್ಕಿದ್ದಂತೆ ಧಡ್ ಅಂತ ಬೋಗಿ ಅಲುಗಿತು, ಕಿಟಕಿಯ ತುಂಬ ಬಿಳಿ ಗೆರೆ. ಗಂಟೆಗೆ 285 ಕಿಲೋಮೀಟರ್‌ವರೆಗೂ ಓಡುವ ನೊಜೊಮಿ ಐದಾರು ಸೆಕೆಂಡಿನಲ್ಲಿ ದಾಟಿ ಹೋಗಿತ್ತು. ಬಾಟಲಿಯ ಟೀ ಮಾತ್ರ ಇನ್ನೂ ತುಳುಕುತ್ತಿತ್ತು. ಕೊಡಾಮ ಪಕ್ಕಕ್ಕೆ ಸರಿಯದಿದ್ದರೆ ನೊಜೊಮಿ ಆ ವೇಗದಲ್ಲಿ ಓಡುವುದು ಹೇಗೆ, ಹೇಳು?

ನನ್ನ ಕೆಲಸ ಇರುವುದು ಕಾಕೆಗಾವಾದಲ್ಲಿ. ಸುತ್ತ ಚಹಾ ತೋಟಗಳಿರುವ ಸಣ್ಣ ಊರು. ಬುಲೆಟ್ ಟ್ರೇನು ಎಷ್ಟೋ ವರ್ಷ ಈ ಊರನ್ನು ದಾಟಿಕೊಂಡೇ ಹೋಗುತ್ತಿತ್ತು. ಕೊನೆಗೆ ಊರಿನವರು ತಾವೇ ದುಡ್ಡು ಕೂಡಿಸಿ ಕೊಟ್ಟರು, 1988ರಲ್ಲಿ ನಿಲ್ದಾಣ ಬಂತು. ಇಲ್ಲಿ ನಿಲ್ಲುವುದು ಕೊಡಾಮ ಒಂದೇ. ಅದೊಂದು ಇಲ್ಲದಿದ್ದರೆ ಇವರ ಪಾಲಿಗೆ ಬುಲೆಟ್ ಟ್ರೇನು ಅಂದರೆ ಬರೀ ಸದ್ದು.

ಮುಂಬೈ–ಅಹಮದಾಬಾದ್ ಯೋಜನೆಯಲ್ಲೂ 12 ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಯ ಲೆಕ್ಕ ಇದೆ. ಬಿಲಿಮೋರಾ, ಬೋಯಿಸರ್‌ಗಳಂಥ ಊರುಗಳಿಗೆ ಅದು ದಿನಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದರ ಮೇಲೇ ನನ್ನ ಕಣ್ಣು.

ನೀನು ಬಂದಾಗ ಟೋಕಿಯೋದಿಂದ ಕೊಡಾಮದಲ್ಲೇ ಬರೋಣ. ಬಲಗಡೆ ಇಬ್ಬರೇ ಕೂರುವ ಸಾಲು. ಮೋಡ ಇಲ್ಲದಿದ್ದರೆ, ಶಿನ್-ಫುಜಿಯ ಹತ್ತಿರ ಫುಜಿ ಬೆಟ್ಟವನ್ನು ಕಣ್ತುಂಬ ನೋಡಬಹುದು.

ನಿನ್ನ ಗೆಳೆಯ