ನೀನು ಅಳಿಸಿದ ಆ ಮೆಸೇಜು

ಗೆಳೆಯಾ,

ಮೊನ್ನೆ ರಾತ್ರಿ ಎರಡೂಕಾಲಿಗೆ ನೀನೇನೋ ಕಳಿಸಿದ್ದೆ. ನಾನು ನೋಡುವಷ್ಟರಲ್ಲಿ ಅಳಿಸಿಬಿಟ್ಟಿದ್ದೆ. ಬೆಳಿಗ್ಗೆ ಕೇಳಿದರೆ 'ಏನಿಲ್ಲ ಮಾರಾಯ, ಕೈತಪ್ಪಿ ಹೋಯ್ತು' ಅಂದೆ. ಅಷ್ಟೊತ್ತಿಗೆ ಯಾರ ಕೈಯೂ ಸುಮ್ನೆ ತಪ್ಪುವುದಿಲ್ಲ. ನಾನೂ ಯೂನಿಫಾರ್ಮ್ ಹಾಕಿದವನೇ ಅಲ್ವಾ? ನಿನ್ನ ಹೆಸರು ಹಾಕದೆ ಇದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಬರೆದು ಅಳಿಸುವವರು ಇನ್ನೂ ಎಷ್ಟೋ ಜನ ಇದ್ದಾರೆ.

ನನ್ನ ಕಥೆ ನಿನಗೆ ಪೂರ್ತಿ ಹೇಳಿರಲಿಲ್ಲ. ಡ್ಯೂಟಿಯಿಂದ ವಾಪಸ್ ಬಂದ ಮೇಲೆ ನಾಲ್ಕೈದು ತಿಂಗಳು ನೆಟ್ಟಗೆ ನಿದ್ದೆ ಇರಲಿಲ್ಲ. ಪಕ್ಕದ ಮಂಚದವನಿಗೆ ಹೇಳೋಣವೆಂದರೆ ನಾಚಿಕೆ, ಡಾಕ್ಟರ್ ಹತ್ತಿರ ಹೋದರೆ ದಾಖಲೆಗೆ ಹೋಗುತ್ತದೆ, ಪ್ರಮೋಷನ್ ನಿಲ್ಲುತ್ತದೆ, ಕೈಯಲ್ಲಿರುವ ರೈಫಲ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಕೊನೆಗೆ ಕಂಬಳಿಯೊಳಗೆ ಮೊಬೈಲಿನ ಬೆಳಕು ಪೂರ್ತಿ ತಗ್ಗಿಸಿಕೊಂಡು ಹುಡುಕಿದೆ. ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಒಂದು ಸಿಕ್ಕಿತು. ಒಂಬತ್ತೇ ಪ್ರಶ್ನೆ. ಕಳೆದ 2 ವಾರ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಮನಸ್ಸು ನಿಂತಿತ್ತಾ, ಹೀಗೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಎಂಟು ಪ್ರಶ್ನೆಗೆ ಉತ್ತರ ಕೊಟ್ಟು ಮುಂದಕ್ಕೆ ಹೋದೆ. ಒಂಬತ್ತನೆಯದು ಸತ್ತುಹೋದರೇ ವಾಸಿ ಅನ್ನಿಸುತ್ತಾ ಅಂತ ಕೇಳುತ್ತದೆ. ಸೊನ್ನೆ ಒತ್ತಿದೆ. ನೋಡು, ಸುತ್ತ ಯಾರೂ ಇಲ್ಲ, ಹೆಸರೂ ಕೇಳಿಲ್ಲ, ಆದರೂ ಮೊಬೈಲಿಗೇ ಸುಳ್ಳು ಹೇಳಿದ್ದೆ! ಹತ್ತು ನಿಮಿಷ ಬಿಟ್ಟು ಹಿಂದಕ್ಕೆ ಹೋಗಿ 1 ಒತ್ತಿದೆ. ಅವತ್ತು ಮಾಡಿದ್ದು ಅಷ್ಟೇ. ಆ ಅಂಕ ನೋಡಿ ಕಾಯಿಲೆಗೆ ಹೆಸರಿಡುವುದು ಡಾಕ್ಟರ್ ಕೆಲಸ, ನಿನ್ನದಲ್ಲ, ಆದರೆ ಡಾಕ್ಟರ್ ಮುಂದೆ ಕೂತಾಗ ಎಲ್ಲಿಂದ ಶುರುಮಾಡಲಿ ಅಂತ ತಡಬಡಾಯಿಸುವುದು ತಪ್ಪುತ್ತದೆ.

ಆಮೇಲೆ ಪಿಟಿಎಸ್‌ಡಿ ಕೋಚ್ ಅನ್ನುವ, ಆಘಾತ ಕಂಡು ಬಂದವರ ಮನಸ್ಸಿಗೆ ನೆರವಾಗುವ ಆಪ್ ಹಾಕಿಕೊಂಡೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2011ರಲ್ಲಿ ತಂದದ್ದು. ದುಡ್ಡು ಬೇಡ, ಖಾತೆ ತೆರೆಯುವುದೂ ಬೇಡ. ಈಗ ಸಂಕಟ ಹತ್ತಕ್ಕೆ ಎಷ್ಟಿದೆ ಅಂತ ಮೊದಲು ಕೇಳುತ್ತದೆ. ನಿಧಾನವಾಗಿ ಉಸಿರಾಡಿಸುತ್ತದೆ. ಮತ್ತೆ ಕೇಳುತ್ತದೆ. ನನಗೆ 8 ಇದ್ದದ್ದು 6ಕ್ಕೆ ಇಳಿಯುತ್ತಿತ್ತು. ಜಾಸ್ತಿ ಏನಲ್ಲ, ಆದರೆ 6ರಲ್ಲಿ ಬೆಳಗಿನ ತನಕ ಮಲಗಿರಬಹುದು.

ಒಂದು ಮಾತ್ರ ಹುಷಾರು. ಸ್ಟ್ರಾವಾ ಅನ್ನುವ ಓಟದ ಆಪ್ ನೆನಪಿದೆಯಾ? ಅದರ ನಕ್ಷೆಯಲ್ಲಿ ಸೈನಿಕರು ದಿನಾ ಓಡಿದ ದಾರಿಗಳೇ ಗೆರೆಗೆರೆಯಾಗಿ ಹೊಳೆದು ನೆಲೆಗಳು ಎಲ್ಲಿವೆ ಅಂತ ತೋರಿಸಿಕೊಟ್ಟಿದ್ದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಾಗಾಗಿ ಲೊಕೇಶನ್ ಆಫ್ ಮಾಡು. ಯೂನಿಟ್, ಜಾಗ, ದಿನಾಂಕ, ಜೊತೆಗಿದ್ದವರ ಹೆಸರು, ಇದ್ಯಾವುದನ್ನೂ ಅಪರಿಚಿತರ ಮುಂದೆ ಬರೆಯಬೇಡ. 'ಸಣ್ಣ ಸದ್ದಾದರೂ ಬೆಚ್ಚಿಬೀಳುತ್ತೇನೆ' ಅನ್ನುವುದಕ್ಕೆ ಅವು ಬೇಕಾಗುವುದೂ ಇಲ್ಲ. ಸಿಕ್ಕಾಪಟ್ಟೆ ಕನಿಕರ ತೋರಿಸಿ, ಮೂರನೇ ದಿನ ಪೋಸ್ಟಿಂಗ್ ಎಲ್ಲಿ ಅಂತ ಕೇಳುವ ಹೊಸ ಗೆಳತಿ ಸಿಕ್ಕರೆ ಅಲ್ಲೇ ಬ್ಲಾಕ್ ಮಾಡು.

ನಾನು ಕೊನೆಗೆ ವಿಡಿಯೋ ಕಾಲ್‌ನಲ್ಲಿ ಕೌನ್ಸೆಲರ್ ಹತ್ತಿರ ಮಾತಾಡಿದೆ. ಎದುರು ಕೂತು ಕೊಡುವ ಚಿಕಿತ್ಸೆಯಷ್ಟೇ ಇದೂ ಕೆಲಸ ಮಾಡುತ್ತದೆ ಅಂತ ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡುಬಂದಿದೆ. ಮೊದಲ ದಿನ ನಾನು ಕ್ಯಾಮೆರಾ ಆಫ್ ಮಾಡಿ ಕೂತಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೂರನೇ ವಾರ ನಾನೇ ಆನ್ ಮಾಡಿದೆ, ಗಡ್ಡ ಬೋಳಿಸಿಕೊಂಡು ಬೇರೆ!

ನಿನ್ನ ಒಂಬತ್ತನೇ ಉತ್ತರ ಸೊನ್ನೆ ಅಲ್ಲದಿದ್ದರೆ ಆಪು ಗೀಪು ಎಲ್ಲ ಆಮೇಲೆ. ಆಯುಧವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು ಈಗಲೇ ಸಹಾಯವಾಣಿಗೋ ಡಾಕ್ಟರಿಗೋ ಫೋನ್ ಮಾಡು, ಇಲ್ಲವೇ ನನ್ನನ್ನು ಎಬ್ಬಿಸು. ಫೋನಿನ ರಿಂಗ್ ಜೋರಾಗಿಯೇ ಇಟ್ಟು ಮಲಗುತ್ತೇನೆ.

ಆ ಮೆಸೇಜು ಮತ್ತೆ ಕಳಿಸು. ಪೂರ್ತಿ ಬೇಡ, ಮೊದಲ ಸಾಲು ಸಾಕು.

ನಿನ್ನವ